ಎಲ್ಲರ ಮಾತು, ಒಬ್ಬರ ಮುದ್ರೆ: ವಿಮಾನ ಕಂಪೆನಿಗಳ ಟ್ರೇಡ್‌ಮಾರ್ಕ್ ಜಗಳಗಳು

ಕಾಸರಗೋಡಿನಿಂದ ಮಂಗಳೂರಿಗೆ ಹೊರಟವರ ಮುಂದೆ ಎರಡು ಬಗೆಯ ಸರಕಾರಿ ಬಸ್ಸು ಬಂದು ನಿಲ್ಲುತ್ತವೆ. ಎರಡರ ಹೆಸರೂ ಕೆಎಸ್ಆರ್‌ಟಿಸಿ. ಒಂದರ ಮೇಲೆ ಗಂಡಭೇರುಂಡ, ಇನ್ನೊಂದರ ಮೇಲೆ ಜೋಡಿ ಆನೆ. ಈ ಗಡಿಯಲ್ಲಿ ‘ಕೆಎಸ್ಆರ್‌ಟಿಸಿ ಬಂತು’ ಎಂದರೆ ಮಾತು ಮುಗಿಯುವುದಿಲ್ಲ, ‘ಕರ್ನಾಟಕದ್ದಾ, ಕೇರಳದ್ದಾ?’ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಹೆಸರು ಕೇಳಿದ ಮೇಲೂ ಒಡೆಯ ಯಾರೆಂದು ಕೇಳಬೇಕಾಗಿ ಬಂದರೆ, ಆ ಹೆಸರು ಒಂಟಿಯಾಗಿ ತನ್ನ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ವಿಮಾನ ಕಂಪೆನಿಗಳು ‘ಫ್ಲ್ಯಾಗ್‌ಶಿಪ್’, ‘ಈಸಿ’, ‘ಎಕ್ಸ್‌ಪ್ರೆಸ್’ ಎಂಬಂಥ ಸಾದಾ ಪದಗಳಿಗಾಗಿ ಕೋರ್ಟು ಹತ್ತುವಾಗ ನ್ಯಾಯಾಧೀಶರು ಕೇಳುವುದೂ ಇದನ್ನೇ: ಈ ಪದ ಕಿವಿಗೆ ಬಿದ್ದಾಗ ಪ್ರಯಾಣಿಕನ ಮನಸ್ಸಿಗೆ ಬರುವುದು ಒಂದು ಸೇವೆಯ ಗುಣವೋ, ಒಂದು ಕಂಪೆನಿಯೋ?

ಬಸ್ಸಿನ ಜಗಳವನ್ನೇ ಮೊದಲು ನೋಡೋಣ, ಏಕೆಂದರೆ ಅದರಲ್ಲಿ ಎಲ್ಲ ಪಾಠವೂ ಇದೆ. ಕೇರಳದ ನಿಗಮ ಆ ಹೆಸರಿನಲ್ಲಿ ಓಡುತ್ತಿರುವುದು 1965ರಿಂದ. ಮೈಸೂರು ರಾಜ್ಯ ಕರ್ನಾಟಕವಾದ 1973ರಲ್ಲಿ ಇಲ್ಲಿನ ನಿಗಮದ ಹೆಸರಿನಲ್ಲೂ ‘ಎಸ್ಆರ್‌ಟಿಸಿ’ ಎಂಬ ನಾಲ್ಕು ಅಕ್ಷರದ ಮುಂದೆ ‘ಕೆ’ ಬಂತು. 2013ರಲ್ಲಿ ಕರ್ನಾಟಕ ಆ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ, ಅಂದರೆ ಸೇವೆ ಯಾರದೆಂದು ತೋರಿಸುವ ಗುರುತಾಗಿ, ನೋಂದಣಿ ಮಾಡಿಸಿಕೊಂಡು, ಮರುವರ್ಷ ಕೇರಳಕ್ಕೆ ನೋಟಿಸ್ ಕಳಿಸಿತು. ಕರ್ನಾಟಕದ ನೋಂದಣಿ ತೆಗೆಸಲು ಕೇರಳ ಚೆನ್ನೈಯಲ್ಲಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋಯಿತು. 2021ರಲ್ಲಿ ಆ ಮಂಡಳಿಯನ್ನೇ ರದ್ದು ಮಾಡಿದ್ದರಿಂದ ಪ್ರಕರಣ ಮದ್ರಾಸ್ ಹೈಕೋರ್ಟಿಗೆ ಬಂತು. ಅದೇ ವರ್ಷ ಜೂನ್‌ನಲ್ಲಿ ‘ಹೆಸರು ಕೇರಳದ ಪಾಲಾಯಿತು’ ಎಂಬ ಸುದ್ದಿ ಗಡಿಯ ಎರಡೂ ಬದಿಯಲ್ಲಿ ಹರಡಿತ್ತು. ಕೇರಳಕ್ಕೆ ನೋಂದಣಿ ಸಿಕ್ಕಿದ್ದನ್ನು ಕರ್ನಾಟಕದ ನೋಂದಣಿ ಹೋಯಿತು ಎಂದು ಓದಿಕೊಂಡದ್ದು ತಪ್ಪು. ಪ್ರಾಮಾಣಿಕವಾಗಿ ಏಕಕಾಲದಲ್ಲಿ ಬಳಸುತ್ತ ಬಂದ ಇಬ್ಬರಿಗೂ ಒಂದೇ ಗುರುತನ್ನು ನೋಂದಾಯಿಸಿ ಕೊಡಲು ಟ್ರೇಡ್‌ಮಾರ್ಕ್ ಕಾಯ್ದೆಯ 12ನೇ ಕಲಮಿನಲ್ಲಿ ಅವಕಾಶವಿದೆ. 2023ರ ಡಿಸೆಂಬರ್‌ನಲ್ಲಿ ಹೈಕೋರ್ಟು ಕೇರಳದ ಅರ್ಜಿಯನ್ನು ವಜಾ ಮಾಡಿತು. ಬಸ್ಸುಗಳು ಮೊದಲಿನಂತೆಯೇ ಗಡಿಯ ತಲಪಾಡಿ ದಾಟುತ್ತಿವೆ.

ಈಗ ವಿಮಾನಕ್ಕೆ ಬರೋಣ. ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯಿಂದಲೋ ಕಣ್ಣೂರು ನಿಲ್ದಾಣವಿರುವ ಮಟ್ಟನ್ನೂರಿನಿಂದಲೋ ಗಲ್ಫಿಗೆ ಹೋಗುವವರು ಟಿಕೆಟ್ ತೆಗೆಯುವಾಗ ಪರದೆಯ ಮೇಲಿನ ಪದಗಳನ್ನು ಒಮ್ಮೆ ಗಮನಿಸಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಎಕ್ಸ್‌ಪ್ರೆಸ್ ಲೈಟ್, ಎಕ್ಸ್‌ಪ್ರೆಸ್ ವ್ಯಾಲ್ಯೂ, ಎಕ್ಸ್‌ಪ್ರೆಸ್ ಫ್ಲೆಕ್ಸ್. ಸ್ಪೈಸ್‌ಜೆಟ್‌ನಲ್ಲಿ ಸ್ಪೈಸ್‌ಸೇವರ್, ಸ್ಪೈಸ್‌ಮ್ಯಾಕ್ಸ್. ಇಂಡಿಗೋದಲ್ಲಿ 6ಇ ಎಂದು ಶುರುವಾಗುವ ಹಲವು ಹೆಸರು. ಲೈಟ್ ಎಂದರೆ ಚೆಕ್-ಇನ್ ಲಗೇಜು ಇಲ್ಲದ ಟಿಕೆಟ್, ಫ್ಲೆಕ್ಸ್ ಎಂದರೆ ದಿನಾಂಕ ಬದಲಿಸಲು ಸಡಿಲವಿರುವುದು, ಸೇವರ್ ಎಂದರೆ ಅಗ್ಗದ್ದು. ಇವು ಗುಣ ಹೇಳುವ ಪದಗಳು. ಇವುಗಳ ಮೇಲೆ ಯಾವ ಕಂಪೆನಿಗೂ ಒಂಟಿ ಹಕ್ಕು ಸಿಗದು. ಅದಕ್ಕೇ ಪ್ರತಿ ಕಂಪೆನಿಯೂ ತನ್ನ ಮನೆಹೆಸರನ್ನು ಅದರ ಮುಂದೆ ಅಂಟಿಸಿಕೊಳ್ಳುತ್ತದೆ. ‘ಸ್ಪೈಸ್‌ಸೇವರ್’ನಲ್ಲಿ ಕಾಯ್ದುಕೊಳ್ಳಲು ಹೊರಟದ್ದು ‘ಸ್ಪೈಸ್’ ಅನ್ನು. ಇದರ ಹಿಂದೆ ಜಾಹೀರಾತಿನ ಸೊಗಸಿಗಿಂತ ಹೆಚ್ಚಾಗಿ ವಕೀಲರ ಲೆಕ್ಕಾಚಾರವಿದೆ.

1999ರ ಟ್ರೇಡ್‌ಮಾರ್ಕ್ ಕಾಯ್ದೆ (ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಿಂದ) ತನ್ನ 9ನೇ ಕಲಮಿನಲ್ಲಿ ಮೂರು ಜಾತಿಯ ಪದಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಒಬ್ಬರ ಸೇವೆಯನ್ನು ಇನ್ನೊಬ್ಬರದ್ದರಿಂದ ಬೇರ್ಪಡಿಸಲಾರದ ಪದ ಒಂದು. ಬಗೆ, ಗುಣ, ಪ್ರಮಾಣ, ಉದ್ದೇಶ, ಬೆಲೆ, ಊರು, ಕಾಲ ಇವನ್ನಷ್ಟೇ ಸೂಚಿಸುವ ಪದ ಇನ್ನೊಂದು. ಆ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ರೂಢಿಯಾದ ಪದ ಮೂರನೆಯದು. ಇದಕ್ಕೊಂದು ಕಿಂಡಿಯನ್ನೂ ಇಟ್ಟಿದೆ: ಅರ್ಜಿ ಹಾಕುವ ದಿನಕ್ಕೆ ಮೊದಲೇ ದೀರ್ಘ ಬಳಕೆಯಿಂದ ಆ ಪದ ನಿಮ್ಮದೇ ಎಂದು ಜನ ಗುರುತಿಸುವಂತಾಗಿದ್ದರೆ ನೋಂದಣಿ ಕೊಡಬಹುದು. ಆ ಕಿಂಡಿಯಲ್ಲಿ ನುಸುಳುವುದು ಸುಲಭವಲ್ಲ. ಕಾಗುಣಿತ ತಿರುಚಿದರೂ ನಡೆಯುವುದಿಲ್ಲ. ಸಫೋಲಾ ಎಣ್ಣೆಯ ಮ್ಯಾರಿಕೋ ಕಂಪೆನಿ ‘ಲೋಸಾರ್ಬ್’ ಎಂಬ ನೋಂದಾಯಿತ ಹೆಸರು ಹಿಡಿದುಕೊಂಡು, ಸನ್‌ಡ್ರಾಪ್ ಎಣ್ಣೆಯ ಪೊಟ್ಟಣದ ಮೇಲಿನ ‘ಲೋ ಅಬ್ಸಾರ್ಬ್’ ತೆಗೆಸಲು ಹೋದಾಗ ದೆಹಲಿ ಹೈಕೋರ್ಟು 2010ರಲ್ಲಿ ಒಪ್ಪಲಿಲ್ಲ. ತಿಂಡಿ ಎಣ್ಣೆಯನ್ನು ಕಡಿಮೆ ಹೀರಿಕೊಳ್ಳುತ್ತದೆ ಎಂದು ಹೇಳಲು ಎಲ್ಲರಿಗೂ ಬೇಕಾದ ಮಾತು ಅದು. ಫೋನ್‌ಪೇ ಕಂಪೆನಿ ‘ಪೇ’ಗಾಗಿ ಭಾರತ್‌ಪೇಯ ವಿರುದ್ಧ ಹೋದಾಗಲೂ 2021ರಲ್ಲಿ ಮಧ್ಯಂತರ ತಡೆ (ಅಂತಿಮ ತೀರ್ಪಿನವರೆಗೆ ಬಳಕೆ ನಿಲ್ಲಿಸುವ ಆದೇಶ) ಸಿಗಲಿಲ್ಲ. ಇಡೀ ಹೆಸರು ನೋಂದಣಿಯಾದರೆ ಅದರ ಒಂದು ತುಂಡಿನ ಮೇಲೆ ತನ್ನಿಂದ ತಾನೇ ಹಕ್ಕು ಹುಟ್ಟುವುದಿಲ್ಲ ಎಂದು 17ನೇ ಕಲಮು ಹೇಳುತ್ತದೆ.

ಇನ್ನು, ವಿಮಾನ ಕಂಪೆನಿ ಕಂಪೆನಿಗಳ ನಡುವೆಯೇ ನಡೆದ ಜಗಳಗಳಲ್ಲಿ ಬಿಡಿಸಿ ನೋಡಬೇಕಾದ್ದು ಅಮೆರಿಕದ್ದು. 2019ರ ಆಗಸ್ಟ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಟೆಕ್ಸಾಸ್‌ನ ಫೋರ್ಟ್‌ವರ್ತ್ ಫೆಡರಲ್ ಕೋರ್ಟಿನಲ್ಲಿ ಎದುರಾಳಿ ವಿಮಾನ ಕಂಪೆನಿ ಡೆಲ್ಟಾದ ಮೇಲೆ ದಾವೆ ಹೂಡಿತು. ಕಾರಣ ಒಂದೇ ಪದ, ‘ಫ್ಲ್ಯಾಗ್‌ಶಿಪ್’. ಹಡಗುಪಡೆಯ ದಂಡನಾಯಕನ ಬಾವುಟ ಹಾರುವ ಹಡಗು ಎಂಬುದು ಅದರ ಮೂಲ ಅರ್ಥ. ಈಗಂತೂ ಮೊಬೈಲ್ ಫೋನು, ಸೀರೆ ಅಂಗಡಿ, ಸರಕಾರಿ ಯೋಜನೆ ಎಲ್ಲಕ್ಕೂ ಆ ಮಾತು ಬರುತ್ತದೆ. ಆದರೆ ಅಮೆರಿಕನ್ ಕಂಪೆನಿ 1930ರ ದಶಕದಲ್ಲೇ ತನ್ನ ಡಿಸಿ-3 ವಿಮಾನಗಳಿಗೆ ಈ ಪದದ ಜೊತೆ ಒಂದೊಂದು ಊರಿನ ಹೆಸರು ಸೇರಿಸಿ ಇಡುತ್ತಿತ್ತು. ಅಂಥದ್ದೊಂದು ವಿಮಾನ ‘ಫ್ಲ್ಯಾಗ್‌ಶಿಪ್ ಡೆಟ್ರಾಯಿಟ್’ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಮುಂದೆ ಫ್ಲ್ಯಾಗ್‌ಶಿಪ್ ಲೌಂಜ್, ಫ್ಲ್ಯಾಗ್‌ಶಿಪ್ ಫಸ್ಟ್ ಎಂಬ ಸೇವೆಗಳೂ ಬಂದವು. ಡೆಲ್ಟಾ ತನ್ನ ದುಬಾರಿ ಆಸನ, ಒಳಾಂಗಣಗಳ ಪ್ರಚಾರದಲ್ಲಿ ಅದೇ ಪದ ಬಳಸಿದೆ ಎಂಬುದು ದೂರು.

ಇಲ್ಲಿ ಇಬ್ಬರ ಮಾತಿನಲ್ಲೂ ಹುರುಳಿದೆ. ‘ನಮ್ಮ ಸೇವೆಗಳಲ್ಲಿ ಇದು ಎಲ್ಲಕ್ಕಿಂತ ಮೇಲು’ ಎಂದು ಹೇಳಲು ಫ್ಲ್ಯಾಗ್‌ಶಿಪ್ ಎಂಬ ಗುಣವಾಚಕ ಎಲ್ಲರಿಗೂ ಬೇಕು. ಅದೇ ಪದ ಲೌಂಜಿನ ಬಾಗಿಲ ಮೇಲೆ ಫಲಕವಾಗಿ ಕುಳಿತರೆ ಅದು ಗುಣವಾಚಕವಲ್ಲ, ಹೆಸರು. ಅಮೆರಿಕದ ಸುಪ್ರೀಂ ಕೋರ್ಟ್ 2004ರಲ್ಲಿ ಸೌಂದರ್ಯವರ್ಧಕಗಳ ಒಂದು ಪ್ರಕರಣದಲ್ಲಿ, ಗುಣ ಹೇಳಲೆಂದೇ ಪ್ರಾಮಾಣಿಕವಾಗಿ ಪದ ಬಳಸಿದಲ್ಲಿ ಗ್ರಾಹಕರಿಗೆ ಒಂದಿಷ್ಟು ಗೊಂದಲವಾದರೂ ಆ ಸಮರ್ಥನೆ ನಿಲ್ಲಬಲ್ಲದು ಎಂದಿತು. ನಮ್ಮಲ್ಲಿ ಆ ರಕ್ಷಣೆ 30(2)(ಎ) ಮತ್ತು 35ನೇ ಕಲಮುಗಳಲ್ಲಿದೆ.

ಗುಣವೋ ಹೆಸರೋ ಎಂಬುದನ್ನು ಇಂಗ್ಲಿಷಿನವರು ಎಷ್ಟೋ ಸಲ ದೊಡ್ಡಕ್ಷರ ನೋಡಿಯೇ ಹೇಳಬಲ್ಲರು. ಕನ್ನಡಕ್ಕೂ ಮಲಯಾಳಕ್ಕೂ ದೊಡ್ಡಕ್ಷರವಿಲ್ಲ. ಆದ್ದರಿಂದ ನಮ್ಮ ಫಲಕ, ಕರಪತ್ರಗಳಲ್ಲಿ ತೀರ್ಮಾನವಾಗುವುದು ಬೇರೆ ಗುರುತುಗಳಿಂದ: ಅಕ್ಷರದ ಗಾತ್ರ ಎಷ್ಟು, ಬಣ್ಣ ಬೇರೆಯೇ, ಪದ ಮೇಲೆ ಒಂಟಿಯಾಗಿ ನಿಂತಿದೆಯೇ ಅಥವಾ ವಾಕ್ಯದೊಳಗೆ ಸೇರಿದೆಯೇ, ಪಕ್ಕದಲ್ಲಿ ಅಂಗಡಿಯ ಸ್ವಂತ ಹೆಸರು ಸ್ಪಷ್ಟವಾಗಿದೆಯೇ. ‘ಶುಗರ್ ಫ್ರೀ’ ಪ್ರಕರಣ ಇದಕ್ಕೆ ಒಳ್ಳೆಯ ಅಳತೆಗೋಲು. ಆ ಹೆಸರಿನ ಸಿಹಿಕಾರಕ ಮಾರುವ ಕ್ಯಾಡಿಲಾ, ಅಮುಲ್‌ನ ಐಸ್‌ಕ್ರೀಂನಂಥ ಫ್ರೋಜನ್ ಡೆಸರ್ಟ್ ಡಬ್ಬದ ಮೇಲಿನ ಅದೇ ಪದಗಳ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಪದ ಬಳಸಬೇಡಿ ಎಂದು ಕೋರ್ಟು ಹೇಳಲಿಲ್ಲ. ಇಷ್ಟು ದೊಡ್ಡದಾಗಿ, ಅಮುಲ್ ಹೆಸರನ್ನೇ ಮರೆಸುವಂತೆ ಬಳಸಬೇಡಿ ಎಂದಿತು. ಇಂಥ ವ್ಯಾಜ್ಯಗಳಲ್ಲಿ ಎಷ್ಟೋ ಸಲ ಒಪ್ಪಂದವಾಗುವುದೂ ಹೀಗೆಯೇ, ಅಕ್ಷರದ ಅಳತೆಯಲ್ಲಿ.

ಇಂಡಿಗೋ ಮತ್ತು ಮಹೀಂದ್ರಾ ನಡುವಿನ ಜಗಳದ ಸ್ವರೂಪ ಬೇರೆ. ಮಹೀಂದ್ರಾ 2024ರ ನವೆಂಬರ್ 26ರಂದು ‘ಬಿಇ 6ಇ’ ಎಂಬ ವಿದ್ಯುತ್ ಕಾರನ್ನು ಪರಿಚಯಿಸಿತು. ಇಂಡಿಗೋ ನಡೆಸುವ ಇಂಟರ್‌ಗ್ಲೋಬ್ ಏವಿಯೇಷನ್ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. 6ಇ ಎಂಬುದು ವಿಮಾನಯಾನದ ಅಂತಾರಾಷ್ಟ್ರೀಯ ಸಂಘವಾದ ಅಯಾಟಾ ಕೊಟ್ಟ ಎರಡಕ್ಷರದ ಸಂಕೇತ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗೆ ಐಎಕ್ಸ್, ಸ್ಪೈಸ್‌ಜೆಟ್‌ಗೆ ಎಸ್‌ಜಿ ಇರುವಂತೆಯೇ. ಅಂಥ ಸಂಕೇತ ಹುಟ್ಟಿನಿಂದ ಯಾರ ಟ್ರೇಡ್‌ಮಾರ್ಕೂ ಅಲ್ಲ. ಇಂಡಿಗೋ ಅದನ್ನು ಊಟದಿಂದ ಹಿಡಿದು ಆಸನದವರೆಗೆ ಎಲ್ಲಕ್ಕೂ ಹಚ್ಚಿ, ವರ್ಷಗಟ್ಟಲೆ ಪ್ರಚಾರ ಮಾಡಿ, ನೋಂದಾಯಿಸಿ ತನ್ನದಾಗಿಸಿಕೊಂಡಿತು. ಒಣ ಸಂಕೇತವೊಂದು ಬಳಕೆಯಿಂದಲೇ ಮುದ್ರೆಯಾದ ಇಂಥ ಉದಾಹರಣೆ ನಮ್ಮ ದೇಶದಲ್ಲಿ ಹೆಚ್ಚಿಲ್ಲ.

ಮಹೀಂದ್ರಾದ ವಾದವೂ ಗಟ್ಟಿಯೇ. ತನ್ನದು ಬರೀ 6ಇ ಅಲ್ಲ, ಬಿಇ 6ಇ. ನೋಂದಣಿಗಾಗಿ ಸರಕು, ಸೇವೆಗಳನ್ನು ವರ್ಗಗಳಾಗಿ ಹಂಚಿದ್ದಾರೆ; ಅದು ಅರ್ಜಿ ಹಾಕಿದ್ದು ವಾಹನಗಳ 12ನೇ ವರ್ಗದಲ್ಲಿ, ಇಂಡಿಗೋ ಇರುವುದು ಸಾರಿಗೆ ಸೇವೆಯ 39ನೇ ವರ್ಗದಲ್ಲಿ. ಜೊತೆಗೆ ಇಂಡಿಗೋ ಎಂಬ ಹೆಸರಿನ ಟಾಟಾ ಕಾರು ವಿಮಾನ ಹಾರುವ ಮೊದಲೇ ರಸ್ತೆಯಲ್ಲಿತ್ತಲ್ಲ ಎಂಬುದನ್ನೂ ಅದು ನೆನಪಿಸಿತು. ಆದರೂ ಡಿಸೆಂಬರ್ 7ಕ್ಕೆ, ಹೋರಾಟ ಬಿಟ್ಟಿಲ್ಲ ಎನ್ನುತ್ತಲೇ, ಕಾರಿಗೆ ‘ಬಿಇ 6’ ಎಂದು ಹೆಸರಿಟ್ಟಿತು. ಕಾನೂನಿನಲ್ಲಿ ಸೋತು ಬದಲಿಸಿದ್ದಲ್ಲ ಅದು. ಬುಕಿಂಗ್ ಶುರುವಾಗುವ ಹೊತ್ತಿಗೆ ತಡೆಯಾಜ್ಞೆ ಬಂದರೆ ಕಾರಿನ ಮೇಲಿನ ಅಕ್ಷರ, ಕೈಪಿಡಿ, ಶೋರೂಮ್ ಫಲಕ, ವಿಮೆ ಕಾಗದ ಎಲ್ಲ ಬದಲಿಸಬೇಕಾಗುತ್ತದೆ. ಒಂದು ಅಕ್ಷರ ಬಿಡುವುದು ಅದಕ್ಕಿಂತ ಅಗ್ಗ. ಟ್ರೇಡ್‌ಮಾರ್ಕ್ ವ್ಯಾಜ್ಯಗಳ ನಿಜವಾದ ತೂಕ ಮಧ್ಯಂತರ ಹಂತದಲ್ಲೇ ಇರುವುದು ಇದಕ್ಕೆ.

ಬೇರೆ ವರ್ಗವೆಂದ ಮಾತ್ರಕ್ಕೆ ಪಾರಾಗಲಾಗದು. ಹೆಸರಿಗೆ ದೇಶದಲ್ಲಿ ಖ್ಯಾತಿಯಿದ್ದು, ಇನ್ನೊಬ್ಬರು ಅದರಿಂದ ಅನ್ಯಾಯದ ಲಾಭ ಪಡೆದರೆ ಸರಕು ಬೇರೆಯಾದರೂ ಉಲ್ಲಂಘನೆಯೇ ಎಂದು ಕಾಯ್ದೆಯ 29(4)ನೇ ಕಲಮು ಹೇಳುತ್ತದೆ. ಆದರೆ ಪದ ಎಷ್ಟು ಸಾಮಾನ್ಯವೋ ಈ ವಾದ ಅಷ್ಟು ತೆಳು. ನಂದಿನಿಯ ಪ್ರಕರಣ ಕನ್ನಡಿಗರಿಗೆ ಗೊತ್ತಿರುವುದೇ: ಹಾಲು ಮಹಾಮಂಡಲ 1985ರಿಂದ ಬಳಸುತ್ತಿದ್ದ ಹೆಸರನ್ನು ನಂದಿನಿ ಡಿಲಕ್ಸ್ ಹೋಟೆಲು 1989ರಿಂದ ಬಳಸುತ್ತಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ನಿಂತಿತು. ಪುರಾಣದ ಹಸುವಿನ ಹೆಸರದು, ಮಹಾಮಂಡಲ ಕಟ್ಟಿದ ಪದವಲ್ಲ. ಹಾಲು ಮತ್ತು ಹಾಲಿನ ಉತ್ಪನ್ನಕ್ಕೆ ಮಾತ್ರ ಹೋಟೆಲಿಗೆ ನೋಂದಣಿ ಇಲ್ಲ.

ಪದದ ಬೆಲೆಯ ಲೆಕ್ಕ ವಿಚಿತ್ರ. ಅಲಾಸ್ಕಾ ಏರ್‌ಲೈನ್ಸ್ 2016ರಲ್ಲಿ ವರ್ಜಿನ್ ಅಮೆರಿಕವನ್ನು ಕೊಂಡು, ಕೆಲವೇ ವರ್ಷದಲ್ಲಿ ಆ ಹೆಸರನ್ನೇ ಕೈಬಿಟ್ಟಿತು. ಆದರೆ ಹಳೆಯ ಪರವಾನಗಿ ಒಪ್ಪಂದದಲ್ಲಿ 2039ರವರೆಗೆ ವರ್ಜಿನ್ ಹೆಸರಿನ ಒಡೆಯರಿಗೆ ವರ್ಷಕ್ಕೆ ಕನಿಷ್ಠ ಸುಮಾರು 80 ಲಕ್ಷ ಡಾಲರ್ ರಾಯಲ್ಟಿ ಎಂದಿತ್ತು. ಬಳಸದಿದ್ದರೂ ಕೊಡಲೇಬೇಕು ಎಂದು ಲಂಡನ್ ಹೈಕೋರ್ಟು 2023ರಲ್ಲಿ ಹೇಳಿತು, ಮರುವರ್ಷ ಮೇಲ್ಮನವಿಯೂ ಬಿದ್ದುಹೋಯಿತು. ಬ್ರಿಟನ್ನಿನ ವಿಮಾನ ಕಂಪೆನಿ ಈಸಿಜೆಟ್ ತನ್ನ ಹೆಸರಿಗಾಗಿ ವರಮಾನದ ಶೇ 0.25ನ್ನು ಸ್ಥಾಪಕ ಸ್ಟೆಲಿಯೋಸ್ ಅವರ ಈಸಿಗ್ರೂಪ್‌ಗೆ ಕೊಡುತ್ತದೆ. ‘ಈಸಿ’ಯಿಂದ ಶುರುವಾಗುವ ಹೆಸರು ಕಂಡಲ್ಲೆಲ್ಲ ಆ ಸಂಸ್ಥೆ ನೋಟಿಸ್ ಕಳಿಸುತ್ತ ಬಂದಿದೆ. ‘ಈಸಿ ಲೈಫ್’ ಎಂಬ ಸಂಗೀತ ತಂಡ ಖರ್ಚು ಭರಿಸಲಾಗದೆ 2023ರಲ್ಲಿ ಹೆಸರು ಬಿಟ್ಟುಕೊಟ್ಟಿತು. ‘ಸುಲಭ’ ಎಂಬರ್ಥದ ದಿನಬಳಕೆಯ ಪದವನ್ನು ಇಷ್ಟು ದೂರ ಬೆನ್ನಟ್ಟುವುದು ಕಾನೂನಿನ ಉದ್ದೇಶವೆಂದು ನಮಗೆ ಅನಿಸುವುದಿಲ್ಲ. ಹಣದ ಬಲವಿದ್ದವರು ತೀರ್ಪಿಗೆ ಮುಂಚೆಯೇ ಗೆಲ್ಲುತ್ತಾರೆ, ಅದು ತಪ್ಪು. ಇನ್ನು ನಮ್ಮ ಕಿಂಗ್‌ಫಿಷರ್: ‘ಫ್ಲೈ ದ ಗುಡ್ ಟೈಮ್ಸ್’ ಮುಂತಾದ ಮುದ್ರೆಗಳನ್ನು ಒತ್ತೆಯಿಟ್ಟುಕೊಂಡ ಬ್ಯಾಂಕುಗಳು 2016ರ ಏಪ್ರಿಲ್‌ನಲ್ಲಿ 366.70 ಕೋಟಿ ರೂಪಾಯಿ ಮೂಲಬೆಲೆಗೆ ಹರಾಜು ಕೂಗಿದವು. ಒಬ್ಬರೂ ಬರಲಿಲ್ಲ. ವಿಮಾನ ನಿಂತ ಮೇಲೆ ಆ ಮಾತುಗಳಿಗೆ ಗಿರಾಕಿ ಇರಲಿಲ್ಲ.

ಎದುರಾಳಿಯ ಹೆಸರನ್ನೇ ಜಾಹೀರಾತಿನಲ್ಲಿ ಎತ್ತಿಕೊಂಡರೆ? 1999ರಲ್ಲಿ ರಯಾನ್‌ಏರ್ ಬ್ರಿಟಿಷ್ ಏರ್‌ವೇಸ್‌ನ ದರವನ್ನು ತನ್ನದರ ಪಕ್ಕದಲ್ಲಿಟ್ಟು, ಒರಟು ಭಾಷೆಯಲ್ಲಿ ‘ದುಬಾರಿ’ ಎಂದು ಹಂಗಿಸಿತ್ತು. ಬ್ರಿಟಿಷ್ ಏರ್‌ವೇಸ್ ಸೋತಿತು, ಏಕೆಂದರೆ ಹೋಲಿಕೆ ಒಟ್ಟಿನಲ್ಲಿ ನಿಜವಾಗಿತ್ತು. ನಮ್ಮ 29(8) ಮತ್ತು 30(1) ಕಲಮುಗಳ ಧೋರಣೆಯೂ ಅದೇ: ಪ್ರಾಮಾಣಿಕ ಹೋಲಿಕೆಗೆ ಅಡ್ಡಿಯಿಲ್ಲ, ಹೆಸರು ಕೆಡಿಸುವ ಸುಳ್ಳಿಗೆ ಇದೆ. ಗೂಗಲ್‌ನಲ್ಲಿ ‘ಮೇಕ್‌ಮೈಟ್ರಿಪ್’ ಎಂದು ಹುಡುಕಿದವರಿಗೆ ಬುಕಿಂಗ್ ಡಾಟ್ ಕಾಂ ಜಾಹೀರಾತು ತೋರಿದ್ದರ ಬಗ್ಗೆಯೂ ದೆಹಲಿ ಹೈಕೋರ್ಟು 2023ರ ಡಿಸೆಂಬರ್‌ನಲ್ಲಿ, ಗೊಂದಲವಾಗದಿದ್ದರೆ ಆ ಹೆಸರನ್ನು ಕೀವರ್ಡ್ (ಜಾಹೀರಾತು ತೋರಿಸಬೇಕಾದ ಹುಡುಕು ಪದ) ಆಗಿ ಬಳಸಿದ್ದಷ್ಟೇ ಉಲ್ಲಂಘನೆಯಲ್ಲ ಎಂದಿತು.

ಉಪ್ಪಳ, ಕುಂಬಳೆ, ಬದಿಯಡ್ಕಗಳಲ್ಲಿ ಟಿಕೆಟ್ ಮಾಡಿಕೊಡುವ ಅಂಗಡಿಗಳಿಗೂ ಇದೇ ಕಾಯ್ದೆ. ‘ಎಕ್ಸ್‌ಪ್ರೆಸ್ ಟ್ರಾವೆಲ್ಸ್’, ‘ಗಲ್ಫ್ ಟೂರ್ಸ್’ ಎಂಬ ಹೆಸರಿಗೆ ಅರ್ಜಿ ಹಾಕಿದರೆ ನೋಂದಣಿ ಕಚೇರಿ ಅದನ್ನು ಪರಿಶೀಲಿಸಿ ಕೊಡುವ ಪರೀಕ್ಷಾ ವರದಿಯಲ್ಲಿ 9ನೇ ಕಲಮಿನ ಆಕ್ಷೇಪ ಬರುವುದು ಬಹುಪಾಲು ಖಚಿತ. ಕನ್ನಡದವರಿಗೆ ಅಪರೂಪವೆನಿಸುವ ಮಲಯಾಳ ಪದವೂ ಗುಣವಾಚಕವೇ ಆಗಿರಬಹುದು. ಭಾರತದ ಯಾವ ಭಾಷೆಯ ಅರ್ಥವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಶಾದಿ ಡಾಟ್ ಕಾಂ ಸಂಸ್ಥೆಗೆ ‘ಶಾದಿ’ಯ ಮೇಲೆ ಒಂಟಿ ಹಕ್ಕು ಕೊಡಲು ಬಾಂಬೆ ಹೈಕೋರ್ಟು 2016ರಲ್ಲಿ ಒಪ್ಪದಿದ್ದುದು, ಮದುವೆಯ ವ್ಯವಹಾರಕ್ಕೆ ಅದು ಮದುವೆ ಎಂಬ ಪದವೇ ಆದ್ದರಿಂದ.

ಕೆಲಸದ ದಾರಿ ಹೀಗಿದೆ. ಮೊದಲು ನೋಂದಣಿ ಕಚೇರಿಯ ಜಾಲತಾಣದಲ್ಲಿ ಉಚಿತ ಹುಡುಕಾಟ ಮಾಡಿ. ಅಕ್ಷರ ಹೊಂದಿಕೆಯಷ್ಟೇ ನೋಡಿ ನಿಲ್ಲಿಸಿದರೆ ಸಾಲದು, ಉಚ್ಚಾರದ ಹುಡುಕಾಟವೂ ಬೇಕು. ‘ಸಾರಥಿ’ಯ ಕೊನೆಗೆ ಇಂಗ್ಲಿಷಿನ ಐ ಹಾಕುವವರೂ ಉಂಟು, ವೈ ಹಾಕುವವರೂ ಉಂಟು, ಎಲ್ಲ ರೂಪವನ್ನೂ ಹೊಡೆದು ನೋಡಬೇಕು. ಅರ್ಜಿ ಟಿಎಂ-ಎ ನಮೂನೆಯಲ್ಲಿ. ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ ವ್ಯಕ್ತಿ, ಸ್ಟಾರ್ಟ್‌ಅಪ್, ಸಣ್ಣ ಉದ್ದಿಮೆಗಳಿಗೆ 4,500 ರೂಪಾಯಿ, ಉಳಿದವರಿಗೆ 9,000. ಪ್ರಯಾಣದ ಟಿಕೆಟು, ಪ್ರವಾಸ 39ನೇ ವರ್ಗ. ವಸತಿ ಏರ್ಪಾಡು 43. ಕಾಸರಗೋಡಿನವರಿಗೂ ತಾಳವಾಡಿ, ಹೊಸೂರು, ಆದೋನಿಯವರಿಗೂ ಚೆನ್ನೈ ಕಚೇರಿ. ಜತ್, ಅಕ್ಕಲಕೋಟೆ, ಸೊಲ್ಲಾಪುರದವರಿಗೆ ಮುಂಬೈ. ಫಲಕದಲ್ಲಿ ಕನ್ನಡ ಅಥವಾ ಮಲಯಾಳ ಅಕ್ಷರವಿದ್ದರೆ ಅದರ ಲಿಪ್ಯಂತರವನ್ನೂ ಅರ್ಥವನ್ನೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಡಬೇಕು.

ಎಡವುವುದು ಹೆಚ್ಚಾಗಿ ಎರಡು ಕಡೆ. ಹತ್ತು ವರ್ಷದಿಂದ ನಡೆಯುತ್ತಿರುವ ಅಂಗಡಿಯಾದರೂ ಅವಸರದಲ್ಲಿ ‘ಮುಂದೆ ಬಳಸಲಿದ್ದೇವೆ’ ಎಂದು ಅರ್ಜಿ ತುಂಬಿಸುತ್ತಾರೆ. ಸಾಮಾನ್ಯ ಪದಕ್ಕೆ ಇರುವ ಒಂದೇ ಆಸರೆ ಹಳೆಯ ಬಳಕೆ, ಅದನ್ನು ಅಲ್ಲಿಗೇ ಕಳೆದುಕೊಂಡಂತೆ. ಮೊದಲ ಬಳಕೆಯ ದಿನಾಂಕ ಹಾಕಿ, ಪ್ರಮಾಣಪತ್ರದ ಜೊತೆ ಹಳೆಯ ಬಿಲ್ಲು, ಪಂಚಾಯತಿನ ಲೈಸೆನ್ಸ್, ದಿನಾಂಕವಿರುವ ಜಾಹೀರಾತು ಲಗತ್ತಿಸಬೇಕು. ಇನ್ನೊಂದು, ಪರೀಕ್ಷಾ ವರದಿಗೆ ಒಂದು ತಿಂಗಳೊಳಗೆ ಉತ್ತರ ಕೊಡದಿರುವುದು. ವರದಿ ಇಮೇಲ್‌ನಲ್ಲಿ ಬರುತ್ತದೆ, ಏಜೆಂಟನ ವಿಳಾಸ ಕೊಟ್ಟಿದ್ದರೆ ಅಂಗಡಿಯವರಿಗೆ ಗೊತ್ತೇ ಆಗುವುದಿಲ್ಲ. ನೋಂದಣಿಯಾಗುವ ಮೊದಲು ವೃತ್ತದೊಳಗಿನ ಆರ್ ಚಿಹ್ನೆ ಹಾಕುವುದು ದಂಡನೀಯ. ‘ಇಂಡಿಗೋ ಟಿಕೆಟ್ ಸಿಗುತ್ತದೆ’ ಎಂದು ಸಣ್ಣದಾಗಿ ಬರೆಯುವುದು ನಿಜದ ಮಾತು; ಅದೇ ಹೆಸರನ್ನು ಕಂಪೆನಿಯ ಬಣ್ಣ, ಲೋಗೋ ಸಮೇತ ಅಂಗಡಿಯ ನೆತ್ತಿಯ ಮೇಲೆ ಏರಿಸಿದರೆ ನೋಟಿಸ್ ಬರುತ್ತದೆ.

ನೋಟಿಸ್ ಬಂದ ದಿನವೇ ಫಲಕ ಇಳಿಸಬೇಕಾಗಿಲ್ಲ, ಸುಮ್ಮನಿರುವುದೂ ತಪ್ಪು. ಅವರ ನೋಂದಣಿ ಸಂಖ್ಯೆ ಹಿಡಿದು ವರ್ಗ, ಮೊದಲ ಬಳಕೆಯ ದಿನಾಂಕ, ನೋಂದಾಯಿಸಿದ್ದು ಪದವೋ ಲೋಗೋ ಮಾತ್ರವೋ ಎಂದು ನೋಡಿ. ನೀವು ಅವರ ನೋಂದಣಿಗೂ ಬಳಕೆಗೂ ಮುಂಚಿನಿಂದ ಬಳಸುತ್ತಿದ್ದರೆ 34ನೇ ಕಲಮು ನಿಮ್ಮ ಬೆನ್ನಿಗಿದೆ. ಏಕಪಕ್ಷೀಯ ತಡೆಯಾಜ್ಞೆಯ ಭಯವಿದ್ದರೆ ಅವರು ಹೋಗಬಹುದಾದ ನ್ಯಾಯಾಲಯದಲ್ಲಿ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮನವಿ) ಹಾಕಿ. ಅದು 90 ದಿನ ಜೀವಂತ. ಆಧಾರವಿಲ್ಲದ ಬೆದರಿಕೆಯ ವಿರುದ್ಧ 142ನೇ ಕಲಮಿನಡಿ ನೀವೇ ದಾವೆ ಹೂಡಬಹುದು.

ಬೇರೆಯವರು ನಿಮ್ಮ ಹೆಸರಿಗೆ ಅರ್ಜಿ ಹಾಕಿದ್ದರೆ ಅದು ಸೋಮವಾರಗಳಂದು ಹೊರಬರುವ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಕಾಣಿಸುತ್ತದೆ. ಪ್ರಕಟವಾದ ದಿನದಿಂದ ನಾಲ್ಕು ತಿಂಗಳೊಳಗೆ ಟಿಎಂ-ಓ ನಮೂನೆಯಲ್ಲಿ, ಆನ್‌ಲೈನ್ ಆದರೆ ವರ್ಗಕ್ಕೆ 2,700 ರೂಪಾಯಿ ಕಟ್ಟಿ ವಿರೋಧ ಸಲ್ಲಿಸಬಹುದು. ಎದುರಿನವರು ಅದರ ಪ್ರತಿ ತಲುಪಿದ ಎರಡು ತಿಂಗಳೊಳಗೆ ಉತ್ತರಿಸದಿದ್ದರೆ ಅವರ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಆ ನಾಲ್ಕು ತಿಂಗಳು ಕಳೆದು ನೋಂದಣಿಯೂ ಆಗಿಬಿಟ್ಟರೆ ಉಳಿಯುವುದು 57ನೇ ಕಲಮಿನ ರದ್ದತಿ ಅರ್ಜಿ. ಕರ್ನಾಟಕದ ನೋಂದಣಿಯನ್ನು ತೆಗೆಸಲು ಕೇರಳದ ಬಸ್ ನಿಗಮ ಹೊರಟದ್ದೂ ನೋಂದಣಿ ಆದ ಮೇಲೆಯೇ. 2014ರಲ್ಲಿ ನೋಟಿಸ್ ಬಂದಿತ್ತು, ತೀರ್ಪು ಕೈಸೇರಿದಾಗ 2023 ಮುಗಿಯುತ್ತ ಬಂದಿತ್ತು.